ಕಲ್ಲಂಗಡಿಯ ಚೂರಿ

ಸರ್ನಾಯ್ ಮಂಗೋಲಿಯಾದವಳು. ಸೊಕ್ಚೊ ಬಂದರಿನ ಹಿಂದಿದ್ದ ಕಾರ್ಖಾನೆಯಲ್ಲಿ ಬೊಂಡಾಸ್ ಎಂಬ ಸ್ಕ್ವಿಡ್ ಮೀನು ಸೀಳುವ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಪಕ್ಕದ ಮೇಜಿನ ಬೊಂಗ್ಸುನ್‌ಗೆ ಐವತ್ತೆಂಟು. ಬೇಸಿಗೆಯ ಭಾನುವಾರಗಳಲ್ಲಿ ಸರ್ನಾಯಳನ್ನು ಕಟ್ಟಿಕೊಂಡು ಬಸ್ಸು ಹತ್ತುವುದು ಅವಳ ಚಟ. "ಈ ದೇಶಕ್ಕೆ ಬಂದಿರೋದು ಬರೀ ಮೀನಿನ ಕರುಳು ನೋಡೋಕಾ? ಏಳೇ!" ಎಂದು ಬೈದು ಹೊರಡಿಸುತ್ತಿದ್ದಳು. ಹಾಗೆ ಇಬ್ಬರೂ ಕಡಲ ದಂಡೆಗಳನ್ನು ಸುತ್ತಿದ್ದರು, ಬೆಟ್ಟದ ಮೇಲಿನ ಬೌದ್ಧ ಮಠಗಳ ಮೆಟ್ಟಿಲು ಹತ್ತಿ ಮಂಡಿ ನೋಯಿಸಿಕೊಂಡಿದ್ದರು.

ಆಗಸ್ಟಿನ ಆ ಭಾನುವಾರ ಬಂದದ್ದು ಕಣಿವೆಯ ಹೊಳೆಗೆ. ನೀರಿನ ಮೇಲೆ ಹಲಗೆ ಹಾಸಿ ಕಟ್ಟಿದ ಜಗಲಿಗಳ ತುಂಬ ಜನ. ಹೋಟೆಲಿನವಳು ಕೋಳಿ ಬೇಯಿಸಲು ಇಟ್ಟಿದ್ದಳು. ಬೊಂಗ್ಸುನ್ ಕಾಲನ್ನು ನೀರಿಗೆ ಇಳಿಬಿಟ್ಟು ಕಲ್ಲಂಗಡಿ ಹೆಚ್ಚುತ್ತಿದ್ದಳು.

"ಅಕ್ಕಾ, ತೆಳ್ಳಗೆ ಕೊಯ್ಯಿ. ಅದೇನು ಬೊಂಡಾಸಾ?"

"ಬಾಯಿ ಮುಚ್ಚಿಕೊಂಡು ತಿನ್ನೇ, ಕುದುರೆ ಕಾಯೋಳೇ!"

ನಗು ಮುಗಿದಿರಲಿಲ್ಲ. ಹಿಂದಿನಿಂದ ಒಂದು ಕೈ ಬೊಂಗ್ಸುನಳ ಜುಟ್ಟು ಹಿಡಿದು ಎಳೆಯಿತು. ಅವಳು ಅಂಗಾತ ಬಿದ್ದಳು. ಕೋಳಿಯ ಜೊತೆಗೆಂದು ತಂದಿಟ್ಟಿದ್ದ ಕಿಮ್ಚಿ ಉಪ್ಪಿನಕಾಯಿಯ ತಟ್ಟೆ ನೀರಿಗೆ ಉರುಳಿತು.

"ಆರು ವರ್ಷ ಹುಡುಕಿದೀನಿ ಕಣೇ ನಿನ್ನ," ಎಂದ ಆ ಮನುಷ್ಯ. "ಇಲ್ಲಿ ಕೋಳಿ ತಿಂತಾ ಕೂತಿದೀಯಾ?"

ಅವನು ಗಿಲ್ದೊಕ್, ಅವಳು ಬಿಟ್ಟು ಓಡಿಬಂದ ಗಂಡ. ಸರ್ನಾಯ್ ಅವನ ಹೆಸರು ಕೇಳಿದ್ದಳು, ಮುಖ ನೋಡಿರಲಿಲ್ಲ. ಅವನು ಬೊಂಗ್ಸುನಳ ಹೊಟ್ಟೆಗೆ ಒದ್ದ. ಎರಡನೇ ಸಲ ಒದ್ದ. ಪಕ್ಕದ ಜಗಲಿಯ ಸಂಸಾರ ಊಟ ನಿಲ್ಲಿಸಿ ನೋಡಿತು, ಯಾರೂ ಏಳಲಿಲ್ಲ. ಗಂಡಹೆಂಡಿರ ಜಗಳ ಎಂದುಕೊಂಡರೇನೋ. ಅಷ್ಟರಲ್ಲಿ ಅವನ ಕೈಗೆ ಕಲ್ಲಂಗಡಿಯ ಚೂರಿ ಸಿಕ್ಕಿತ್ತು.

ಬೊಂಗ್ಸುನ್ ಬರಿಗೈಯಿಂದ ಚೂರಿಯ ಅಲಗು ಹಿಡಿದಳು. ಅವನು ಎಳೆದ. ಬೆರಳುಗಳ ಸಂದಿಯಿಂದ ರಕ್ತ ಚಿಲ್ಲನೆ ಚಿಮ್ಮಿತು.

ಸರ್ನಾಯ್ ಆರು ಜನ ಅಣ್ಣಂದಿರ ಜೊತೆ ಕುಸ್ತಿಯಾಡಿ ಬೆಳೆದವಳು. ಅವನ ಸೊಂಟದ ಪಟ್ಟಿಗೆ ಕೈ ಹಾಕಿ, ಹೆಗಲು ಕೊಟ್ಟು ಎತ್ತಿ ಒಗೆದಳು. ಅವನು ಹೊಳೆಯ ಬಂಡೆಗೆ ಅಪ್ಪಳಿಸಿದ, ಮುಂಗೈ ಲಟಕ್ಕೆಂದಿತು. ಚೂರಿ ಎಲ್ಲೋ ಹೋಯಿತು. ಆದರೂ ಅವನು ಎದ್ದ. "ಪರದೇಶಿ ನಾಯಿ, ನಿನ್ನನ್ನೂ ಮುಗಿಸ್ತೀನಿ!" ಎನ್ನುತ್ತ ಅವಳ ಕೆನ್ನೆಗೆ ಕಲ್ಲಿನಿಂದ ಜಜ್ಜಿದ. ಬಾಯಲ್ಲಿ ಹಲ್ಲೊಂದು ಮುರಿದದ್ದು ಅವಳಿಗೆ ತಿಳಿಯಿತು. ಅವಳು ಅವನ ಕತ್ತು ಹಿಡಿದು ನೀರಿಗೆ ಅದುಮಿ, ಬೆನ್ನ ಮೇಲೆ ಮಂಡಿ ಊರಿದಳು.

ಮೊಣಕಾಲುದ್ದದ ನೀರು. ಅವನು ಕೈಕಾಲು ಬಡಿದ. ಅವಳು ಬಿಡಲಿಲ್ಲ. ಕೈಯೊಳಗಿನ ಆ ಒದ್ದಾಟ ಅವಳಿಗೆ ಹಿತವಾಗಿತ್ತು.

"ಬಿಡೇ," ಎಂದಳು ಬೊಂಗ್ಸುನ್.

ನೀರಿನ ಗುಳ್ಳೆಗಳು ಕಡಿಮೆಯಾದವು.

"ಬಿಡೇ ಸರ್ನಾಯ್! ಸಾಯ್ತಾನೆ!" ಈ ಸಲ ಬೊಂಗ್ಸುನ್ ರಕ್ತದ ಕೈಯಿಂದ ಅವಳ ಕೂದಲನ್ನೇ ಹಿಡಿದು ಎಳೆದಳು. ಸರ್ನಾಯ್ ಕೈ ಸಡಿಲಿಸಿದಳು. ಅವನನ್ನು ದಡಕ್ಕೆ ಎಳೆದು ಕವುಚಿ ಹಾಕಿದಾಗ ನೀರು ಕಕ್ಕಿದ, ಉಸಿರಾಡಿದ.

ಪೊಲೀಸರು ಬಂದವರೇ ಕೋಳ ಹಾಕಿದ್ದು ಸರ್ನಾಯಳಿಗೆ. ಪಕ್ಕದ ಜಗಲಿಯವನು ಬೆರಳು ತೋರಿಸಿದ್ದ: "ಆ ಪರದೇಶದವಳು ಸಾರ್, ಅವನನ್ನ ಮುಳುಗಿಸಿ ಸಾಯಿಸ್ತಾ ಇದ್ದಳು."

ಬೊಂಗ್ಸುನ್ ಎದ್ದು ನಿಂತಳು. ಆರು ವರ್ಷ ಯಾರಿಗೂ ಮೈಮೇಲಿನ ಗಾಯ ತೋರಿಸದವಳು, ಅಷ್ಟು ಜನರೆದುರು ಅಂಗಿ ಎತ್ತಿ ಬೆನ್ನು ತಿರುಗಿಸಿದಳು. ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತು, ಬೆಲ್ಟಿನ ಬಾಸುಂಡೆಯ ಹಳೆಯ ಗೆರೆಗಳು.

"ನೋಡಿ. ಚೆನ್ನಾಗಿ ನೋಡಿ. ಊಟ ಮಾಡ್ತಾ ಇಷ್ಟು ಹೊತ್ತು ನೋಡಿದ್ರಲ್ಲ, ಇದನ್ನೂ ನೋಡಿ. ಬರೆಸೋದು ಬರೆಸಿ, ಆದ್ರೆ ಚೂರಿ ಯಾರ ಕೈಯಲ್ಲಿತ್ತು ಅಂತ ಮೊದಲು ಬರೆಸಿ!"

ಜಗಲಿಯವನು ತಲೆ ತಗ್ಗಿಸಿದ. ಹೋಟೆಲಿನವಳು ಅಡುಗೆಮನೆಯಿಂದ ಬಂದು, "ನಾನು ನೋಡಿದೀನಿ. ಅವನೇ ಮೊದಲು," ಎಂದಳು. ಸಂಜೆಯ ಹೊತ್ತಿಗೆ ಸರ್ನಾಯಳನ್ನು ಬಿಟ್ಟರು. ಗಿಲ್ದೊಕ್‌ನನ್ನು ಆಸ್ಪತ್ರೆಯ ಮಂಚಕ್ಕೇ ಕೋಳ ಹಾಕಿ ಮಲಗಿಸಿದರು. ಮುಂದೆ ಅವನಿಗೆ ನಾಲ್ಕು ವರ್ಷ ಜೈಲಾಯಿತು.

ಬೊಂಗ್ಸುನಳ ಎರಡು ಬೆರಳ ನರ ಕಡಿದಿತ್ತು, ಅವನ್ನು ಇನ್ನು ಮಡಚಲಾಗುವುದಿಲ್ಲವೆಂದರು ಡಾಕ್ಟರು. ಮೂರನೇ ದಿನ ಸರ್ನಾಯ್ ಅವಳ ಹಾಸಿಗೆಯ ಪಕ್ಕ ಕೂತು ಗಂಜಿ ತಿನ್ನಿಸುತ್ತಿದ್ದಳು.

"ಅಕ್ಕಾ, ನೀನು ಮೊದಲು ಬಿಡು ಅಂದಿದ್ದು ನನಗೆ ಕೇಳಿಸಿತ್ತು. ಕೇಳಿಸಿಯೂ ಬಿಡಲಿಲ್ಲ."

ಬೊಂಗ್ಸುನ್ ಪಟ್ಟಿ ಕಟ್ಟಿದ ಕೈಯಿಂದ ಚಮಚವನ್ನು ಪಕ್ಕಕ್ಕೆ ಸರಿಸಿದಳು.

"ಗೊತ್ತು," ಎಂದಳು. "ನಾನೂ ಬೇಕಂತಲೇ ಮೆಲ್ಲಗೆ ಅಂದಿದ್ದು."

ಗಂಜಿ ಆರಿತು. ಆ ಬೇಸಿಗೆಯಲ್ಲಿ ಅವರು ಇನ್ನೆಲ್ಲಿಗೂ ಹೋಗಲಿಲ್ಲ.