ಎಂಟನೆಯ ಗೆಣ್ಣು

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ತ್ರಿಪ್ಲಿಕೇನಿನ ಮನೆಯಲ್ಲಿ ಊರ್ಮಿಳಾ ಒಂದೇ ಲೋಟ ಕಾಫಿ ಬೆರೆಸಿಕೊಂಡು ಗಂಡ ಗಿರಿಧರನ ಮೈಕ್ರೋಸ್ಕೋಪಿನ ಮುಂದೆ ಕೂತಳು. ಅಳಲೂ ತ್ರಾಣವಿರಲಿಲ್ಲ. ಒಣಗಿದ ಕೊಂಬೆಯಲ್ಲಿ ಅವನಿಗೆ ಸಿಕ್ಕಿ, ಸ್ಲೈಡಿನ ಮೇಲೆ ಕೂರಿಸಿಟ್ಟಿದ್ದ, ಎಳ್ಳಿಗಿಂತ ಸಣ್ಣ ನುಸಿ ಹೊಸ ಜಾತಿಯದೇ ಅಲ್ಲವೇ ಎಂದು ಹೋಲಿಸಿ ನೋಡಲು ಮ್ಯೂಸಿಯಮ್ಮಿನ ನಂಜುಂಡ ಮೇಷ್ಟ್ರು ಹಳೆಯ ಸ್ಲೈಡೊಂದನ್ನು ಎರವಲು ಕೊಟ್ಟಿದ್ದರು. ನೋಡುವ ಮೊದಲೇ ಅವನು ಹೋಗಿಬಿಟ್ಟ. ಹೊಸದಲ್ಲದಿದ್ದರೆ ಅವನ ಸ್ಲೈಡು ಮನೆಯಲ್ಲೇ ಉಳಿಯುತ್ತದೆ; ಹೊಸದಾದರೆ ಆ ಜಾತಿಯ ಮೊದಲ ಮಾದರಿಯೆಂದು ಮ್ಯೂಸಿಯಮ್ಮಿಗೆ ಒಪ್ಪಿಸಲೇಬೇಕು.

ಮೇಷ್ಟ್ರ ನುಸಿಯ ತಲೆಯ ಮುಂದಿನ ಕುಡಿಮೀಸೆಗೆ ಏಳು ಗೆಣ್ಣು. ಅವನದಕ್ಕೂ ಏಳೇ ಇರಲಿ ಎಂದುಕೊಂಡು ಮೂರು ಸಲ ಎಣಿಸಿದಳು. ಎಂಟಿತ್ತು.

ಮಧ್ಯಾಹ್ನ ಮ್ಯೂಸಿಯಮ್ಮಿಗೆ ಹೋಗಿ ಎರಡು ಸ್ಲೈಡನ್ನೂ ಮೇಷ್ಟ್ರ ಮೇಜಿನ ಮೇಲಿಟ್ಟಳು.

"ನಾನು ಕೊಟ್ಟಿದ್ದು ಒಂದೇ ಅಲ್ವೇನಮ್ಮಾ?"

"ಇನ್ನೊಂದು ಅವರದು ಸಾರ್. ಎಂಟು ಗೆಣ್ಣಿದೆ."