ಮೂರು ಏಟು ಕೇಳಿದ ಗಾಜಿನ ಎಳೆ

ನಾನೊಂದು ಗಾಜಿನ ಎಳೆ. ಬಳೆಯ ಗಾಜು, ಕಿಟಕಿಯ ಗಾಜು ನೆನೆಸಿಕೊಳ್ಳಬೇಡಿ. ಅವುಗಳ ಜೊತೆ ನನಗೆ ಬಳಕೆಯಿಲ್ಲ. ಎತ್ತರದ ಕುಲುಮೆಯಲ್ಲಿ ಕಾಯಿಸಿ, ಕೂದಲಿನಷ್ಟು ಸಣ್ಣಗೆ ಎಳೆದು, ಮೈಗೆ ಪ್ಲಾಸ್ಟಿಕ್ ಹೊದಿಸಿ, ಹತ್ತು ಕಿಲೋಮೀಟರ್ ಉದ್ದಕ್ಕೆ ನನ್ನನ್ನು ಸುತ್ತಿದರು. ನನ್ನೊಳಗೆ ಓಡುವುದು ಲೇಸರ್ ಬೆಳಕು. ಅಷ್ಟು ಹೇಳಿದರೆ ನನ್ನ ಅಂತಸ್ತು ನಿಮಗೆ ತಿಳಿಯಬೇಕು.

ಮೊದಲು ಸೇರಿದ್ದು ಒಂದು ಕಾಲೇಜಿನ ಪ್ರಯೋಗಾಲಯ. ಅಲ್ಲಿನ ಮೇಷ್ಟ್ರಿಗೆ ಅಲುಗದ ಬೆಳಕು ಬೇಕಿತ್ತು. ನಾನೋ, ಫ್ಯಾನ್ ತಿರುಗಿದರೆ ನಡುಗುವವಳು, ಬಿಸಿಲೇರಿದರೆ ಹಿಗ್ಗುವವಳು. ಯಾರಾದರೂ ಬಾಗಿಲು ದಢಾರನೆ ಹಾಕಿದರೂ ನನ್ನೊಳಗಿನ ಬೆಳಕು ಕದಡುತ್ತಿತ್ತು. ಮೇಷ್ಟ್ರು ತಲೆ ಚಚ್ಚಿಕೊಂಡು, “ಇದು ಬರೀ ಅಂಜುಬುರುಕಿ, ತಗೊಂಡು ಹೋಗಿ” ಎಂದರು. ಆ ಮಾತು ಚುಚ್ಚಿತು. ಎಲ್ಲವೂ ಮೈಗೆ ತಿಳಿಯುವುದು ತಪ್ಪೇ?

ರೈಲಿನವರಿಗೆ ತಪ್ಪೆನಿಸಲಿಲ್ಲ. ರಾಯಚೂರು ಸೀಮೆಯಲ್ಲಿ, ಬಂಡೆಗಳ ನಡುವೆ ಹಾದ ಹಳಿಯ ಪಕ್ಕ ನನ್ನನ್ನು ಹೂತರು. ಒಂದು ತುದಿ ಸ್ಟೇಷನ್ ಕೋಣೆಯಲ್ಲಿತ್ತು. ಅಲ್ಲಿಂದ ಇಂಜಿನಿಯರ್ ಮಂದಾಕಿನಿ ಮೇಡಂ ಬೆಳಕು ಬಿಡುತ್ತಿದ್ದರು. ದಾರಿಯುದ್ದಕ್ಕೂ ಅದರಲ್ಲಿ ಚೂರುಚೂರು ಹಿಂದಿರುಗುತ್ತದೆ. ನೆಲ ನಡುಗಿದರೆ ಆ ಚೂರು ಕದಡುತ್ತದೆ. ಮರಳಲು ಹಿಡಿದ ಹೊತ್ತಿನಿಂದ ಜಾಗವೂ ತಿಳಿಯುತ್ತದೆ. ಬಂಡೆ ಉರುಳಿದರೆ ಕಂಪ್ಯೂಟರ್ ಕೂಗಬೇಕು, ಅದು ಏರ್ಪಾಡು.

ಆ ಹಳಿ ಕಾಯುತ್ತಿದ್ದವನು ಕೀಮ್ಯಾನ್ ಹುಸೇನಪ್ಪ. ದಿನಾ ಸುತ್ತಿಗೆ ಹಿಡಿದು ಹಳಿಯ ಬಿಗಿ ನೋಡುತ್ತಾ ನಡೆಯುವನು. ತನ್ನ ಪಾಲಿನ ಹಳಿಯ ಗಡಿ ಮುಟ್ಟಿದ ಮೇಲೆ ಹಳಿಗೆ ಮೂರು ಏಟು ಹೊಡೆದು ಹಣೆ ಮುಟ್ಟಿಕೊಳ್ಳುವನು. ಅದಕ್ಕೂ ಕಂಪ್ಯೂಟರ್ ಕೂಗತೊಡಗಿದಾಗ ಮೇಡಂ ಬೇಸತ್ತು, ಮೂರು ಏಟಾದರೆ ಸುಮ್ಮನಿರಬೇಕೆಂದು ಅದಕ್ಕೆ ಕಲಿಸಿಬಿಟ್ಟರು.

ಒಂದು ದಿನ ಅರ್ಧ ದಾರಿಯ ಸೇತುವೆಯ ಮೇಲೆ, ಹಳಿಗೂ ಅದಕ್ಕೆ ಒತ್ತಿ ಹಾಕಿದ ಕಾವಲು ಹಳಿಗೂ ನಡುವಿನ ಸಂದಿಯಲ್ಲಿ ಹುಸೇನಪ್ಪನ ಕಾಲು ಸಿಕ್ಕಿ ಮುರಿಯಿತು. ಫೋನು ಕೆಳಗಿನ ಹಳ್ಳಕ್ಕೆ ಬಿತ್ತು. ಗೂಡ್ಸ್ ರೈಲು ಬರುವ ಹೊತ್ತು. ಅವನು ಸುತ್ತಿಗೆಯಿಂದ ಹಳಿ ಬಡಿದ. ರೂಢಿಬಿದ್ದ ಕೈ, ಮೂರು ಬಡಿದು ನಿಲ್ಲುತ್ತಿತ್ತು. ಮತ್ತೆ ಮೂರು. ನಾನು ಮೈಯೆಲ್ಲ ನಡುಗಿದೆ, ಇದ್ದ ಬೆಳಕನ್ನೆಲ್ಲ ಕದಡಿದೆ. ಕಂಪ್ಯೂಟರ್ ತೆಪ್ಪಗಿತ್ತು. ಅಷ್ಟು ಭಯ ನನಗೆ ಎಂದೂ ಆಗಿರಲಿಲ್ಲ.

ಚಹಾ ಕುಡಿಯುತ್ತಿದ್ದ ಮೇಡಂ ಪರದೆಯತ್ತ ನೋಡಿದರು. ಕಂಪ್ಯೂಟರ್ ಕೂಗದಿದ್ದರೂ ಏಟುಗಳ ಗೆರೆ ಸೇತುವೆಯ ಜಾಗದಲ್ಲಿ ಮೂಡುತ್ತಿತ್ತು. “ಇವ ಮೂರು ಏಟು ಗಡಿಗೆ ಹೋಗಿ ಹೊಡಿಬೇಕು. ಸೇತುವೆ ಮ್ಯಾಲ ಯಾಕ ಹೊಡಿಯಾಕತ್ತಾನ? ಅದೂ ಮ್ಯಾಲಿಂದ ಮ್ಯಾಲ?” ಎಂದವರೇ ಸ್ಟೇಷನ್ ಮಾಸ್ಟರ್ ಬಳಿಗೆ ಓಡಿ, “ಗಾಡಿ ನಿಲ್ಲಸ್ರಿ!” ಎಂದು ಕೂಗಿದರು. ಸೇತುವೆಗೆ ಕೂಗಳತೆಯ ದೂರದಲ್ಲಿ ಗೂಡ್ಸ್ ನಿಂತಿತು.

ಎರಡು ತಿಂಗಳ ಮೇಲೆ ಊರುಗೋಲು ಹಿಡಿದು ಬಂದ ಹುಸೇನಪ್ಪನಿಗೆ ಮೇಡಂ, “ತಪ್ಪು ನಂದು” ಎಂದರು.

“ಇರ್ಲಿ ಬಿಡ್ರಿ ಮೇಡಂ. ಕೇಳಿಸ್ತಲ್ಲ, ಅಷ್ಟ ಸಾಕು.”

ಮೂರು ಏಟಿಗೆ ಸುಮ್ಮನಿರುವ ಪಾಠವನ್ನು ಮೇಡಂ ಆಗಲೇ ಅಳಿಸಿದ್ದರು. ಅವನು ಕೆಲಸಕ್ಕೆ ಮರಳಿದ ಮೇಲೆ ಕಂಪ್ಯೂಟರ್ ದಿನಾ ಕೂಗುತ್ತಿತ್ತು. ಕೋಣೆಯಲ್ಲಿದ್ದವರು ತಲೆಯೆತ್ತಿ, “ಹುಸೇನಪ್ಪ ಮುಟ್ಟಿದ” ಎನ್ನುತ್ತಿದ್ದರು. ಆ ಸುದ್ದಿ ತರುತ್ತಿದ್ದವಳು ನಾನು.

ಈಗ ನನ್ನ ಜಾಗಕ್ಕೆ ಹೊಸ ಕೇಬಲ್ ಬಂದಿದೆ. ನಾನು ಸ್ಟೇಷನ್ ಉಗ್ರಾಣದ ಮೂಲೆಯಲ್ಲಿ ಸುರುಳಿಯಾಗಿ ಬಿದ್ದಿದ್ದೇನೆ, ಒಳಗೆ ಬೆಳಕಿಲ್ಲ. ಮೊನ್ನೆ ನಿವೃತ್ತಿಯ ದಿನ, ಸುತ್ತಿಗೆ ಒಪ್ಪಿಸಲು ಹುಸೇನಪ್ಪ ಕುಂಟುತ್ತಾ ಇಲ್ಲಿಗೆ ಬಂದ. ಒಪ್ಪಿಸುವ ಮೊದಲು ನನ್ನ ಪಕ್ಕದ ಕಲ್ಲುಚಪ್ಪಡಿಗೆ ಮೆಲ್ಲಗೆ ಮೂರು ಏಟು ಹೊಡೆದು ಹಣೆ ಮುಟ್ಟಿಕೊಂಡ. ನೋಡಲು ಪರದೆಯಿರಲಿಲ್ಲ, ಕೂಗಲು ಕಂಪ್ಯೂಟರ್ ಇರಲಿಲ್ಲ. ಅಂಜುಬುರುಕಿ ನಾನು, ಮೂರಕ್ಕೂ ನಡುಗಿದೆ.