ಬಾಣದ ಹುಲ್ಲಿಗೆ ಬೇಲಿ

ನಮ್ಮ ಯಜಮಾನರಿಗೆ ಯಾವುದರ ಮೇಲಾದರೂ ಪ್ರೀತಿ ಹುಟ್ಟಿದರೆ ಮೊದಲು ನೆನಪಾಗುವುದು ಬೇಲಿ. ಬೇಲಿ ಹಾಕಿ, ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಆ ವಸ್ತು ಉದ್ಧಾರವಾಯಿತು ಅಂತಲೇ ಅವರ ನಂಬಿಕೆ. ನನ್ನ ಸುತ್ತ ಮಾತ್ರ ಹಾಕಲಿಲ್ಲ. ಅಷ್ಟೊಂದು ಪ್ರೀತಿ ಇಲ್ಲದೇ ಹೋದದ್ದು ನನ್ನ ಪುಣ್ಯ.

ಅವರ ಹೆಸರು ತೆಸ್ಕುಟ್ಟನ್. ನಮ್ಮ ಹಟ್ಟಿಗೆ ಹಿರಿಯರು. ಊಟಿಗೆ ಬಂದವರು ಎಮ್ಮೆ ಸಾಕುವ ನಮ್ಮ ತೋಡ ಜನರನ್ನು ನೋಡಬೇಕು ಅಂತ ಕಾರು ಹತ್ತಿ ನಮ್ಮಲ್ಲಿಗೆ ಬಂದರೆ, ಇವರು ಕಸೂತಿಯ ಹೊದಿಕೆ ಹೊದ್ದು ಎದುರಿನ ಇಳಿಜಾರಿನ ಗೇಟಿನ ಬಳಿ ಹೋಗಿ ನಿಲ್ಲುತ್ತಾರೆ. ಕಲ್ಲಿನಲ್ಲಿ ಕಡೆದವರ ಹಾಗೆ ಮುಖ ಬಿಗಿದುಕೊಂಡು, ಇದು ನಮ್ಮ ಪವಿತ್ರ ಭೂಮಿ, ಇಲ್ಲಿ ಬಾಣದ ಹುಲ್ಲು ಬೆಳೆಯುತ್ತದೆ, ಇದನ್ನು ಕಾಯುತ್ತಿರುವುದು ನಾನು, ಅಂತ ಹೇಳುತ್ತಾರೆ. ಬಂದವರು ಕೈಮುಗಿದು ಫೋಟೋ ಹೊಡೆದುಕೊಳ್ಳುತ್ತಾರೆ. ಆ ಹೊದಿಕೆಯ ಕೆಂಪು ಕಪ್ಪು ನೂಲನ್ನೆಲ್ಲ ಪೋಣಿಸಿದ್ದು ನಾನು. ಅದೊಂದು ನೆನೆದಾಗ ನನಗೇ ನಾಚಿಕೆಯಾಗುತ್ತದೆ.

ಬಾಣದ ಹುಲ್ಲು ಅಂದರೆ ಸಾಮಾನ್ಯದ್ದಲ್ಲ, ಅದು ನಿಜ. ನಮ್ಮಲ್ಲಿ ಹೆಂಡತಿಯ ಹೊಟ್ಟೆಗೆ ಮಗು ಬಂದ ಮಾತ್ರಕ್ಕೆ ಗಂಡಸು ಅಪ್ಪನಾಗುವುದಿಲ್ಲ. ಬಸುರಿಗೆ ಏಳು ತಿಂಗಳು ಬಿದ್ದ ಮೇಲೆ ಒಂದು ಅಮಾವಾಸ್ಯೆಯ ಸಂಜೆ, ಮರದ ಬುಡದಲ್ಲಿ ಕೊರೆದ ಗೂಡಿನೊಳಗೆ ತುಪ್ಪದ ದೀಪ ಇಟ್ಟು, ಅವಳ ಕೈಗೆ ಅವನು ಪುಟ್ಟ ಬಿಲ್ಲು ಬಾಣ ಕೊಡಬೇಕು. ಒಂದು ಗಿಡದ ಕಡ್ಡಿ ಬಗ್ಗಿಸಿದರೆ ಬಿಲ್ಲು, ಈ ಹುಲ್ಲಿನ ಎಸಳೇ ಬಾಣ. ಕೊಟ್ಟವನು ಅಪ್ಪ. ಕೊಡದಿದ್ದರೆ ಹುಟ್ಟುವ ಮಗುವಿಗೆ ಅಪ್ಪನೂ ಇಲ್ಲ, ಕುಲವೂ ಇಲ್ಲ. ನನಗೆ ಕೊಟ್ಟ ಬಿಲ್ಲಿನ ಬಾಣ ಆ ಇಳಿಜಾರಿನದೇ. ಆಗ ಅದು ಬೋಳು ಹುಲ್ಲುಗಾವಲು. ಎಮ್ಮೆಗಳು ಮೇಯುತ್ತಿದ್ದವು, ಬೇಸಿಗೆಗೆ ಮುಂಚೆ ಗಂಡಸರು ಒಣಹುಲ್ಲಿಗೆ ಬೆಂಕಿ ಇಡುತ್ತಿದ್ದರು, ಮಳೆ ಬಿದ್ದ ಮೇಲೆ ಕರಿ ನೆಲದಿಂದ ಹೊಸ ಹುಲ್ಲು ಏಳುತ್ತಿತ್ತು.

ನನ್ನ ಬಿಲ್ಲಿನ ದಿನ ಯಾರದೋ ಎಮ್ಮೆಗಳು ಆ ಜಾಗವನ್ನು ನುಣ್ಣಗೆ ಮೇದು ಹೋಗಿದ್ದವು. ಯಜಮಾನರು ಬಾಣಕ್ಕೊಂದು ಎಸಳು ಸಿಗದೆ ಮಧ್ಯಾಹ್ನವೆಲ್ಲ ಅಲೆದು, ಕೊನೆಗೆ ಒಂದು ಕಲ್ಲಿನ ಸಂದಿಯಲ್ಲಿ ಉಳಿದದ್ದನ್ನು ಕಿತ್ತು ತಂದರು. ನೆಂಟರು ನಕ್ಕರು. ಆ ನಗು ಅವರ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಹಿರಿತನ ಕೈಗೆ ಬಂದ ಕೂಡಲೇ ಮಾಡಿದ ಮೊದಲ ಕೆಲಸ ಇಳಿಜಾರಿಗೆ ತಂತಿ ಬೇಲಿ. ಇನ್ನು ಮೇಲೆ ಒಂದು ಎಮ್ಮೆಯ ಗೊರಸೂ ಒಳಗೆ ಬೀಳಬಾರದು, ಒಂದು ಕಿಡಿಯೂ ಬೀಳಬಾರದು, ಅಂದರು. ನಮ್ಮ ಮಗ ಪಿಲ್ಜೆನ್ ಆಗ ಎಮ್ಮೆಗರುವಿನ ಬೆನ್ನು ಹಿಡಿದು ನಡೆಯಲು ಕಲಿಯುತ್ತಿದ್ದ.

ಮೊದಲ ವರ್ಷ ಹುಲ್ಲು ಸೊಂಟದೆತ್ತರ ಬೆಳೆಯಿತು. ಯಜಮಾನರು ಮೀಸೆ ತಿರುವಿದರು. ಮುಂದೆ ಹಳೆಯ ಹುಲ್ಲು ಒಣಗಿ, ಮಗ್ಗುಲಾಗಿ, ಹೊಸ ಚಿಗುರಿನ ಮೇಲೇ ಮಲಗಿತು. ಅದರ ಸಂದಿಯಲ್ಲಿ ಜರಿಗಿಡ, ಮುಳ್ಳುಹಣ್ಣಿನ ಬಳ್ಳಿ ತಲೆ ಹಾಕಿದವು. ಭೂಮಿತಾಯಿ ಸೆರಗು ಹೊದ್ದಿದ್ದಾಳೆ ನೋಡೇ ಅಂದರು. ಆಮೇಲೆ ಹಳದಿ ಹೂವಿನ ಪೊದೆ ಬಂತು, ಗುಡ್ಡವೆಲ್ಲ ಹಳದಿ. ಅದಕ್ಕೂ ಕೈಮುಗಿದರು. ಪಕ್ಕದ ಸರ್ಕಾರಿ ತೋಪಿನಿಂದ, ಪರದೇಶದಿಂದ ತಂದು ನೆಟ್ಟ ವ್ಯಾಟಲ್ ಮರದ ಬೀಜ ಹೇಗೋ ಒಳಗೆ ಬಿತ್ತು. ಬೇಲಿಗೆ ಎಮ್ಮೆ ಗೊತ್ತಾಗುತ್ತದೆ, ಬೀಜ ಗೊತ್ತಾಗುವುದಿಲ್ಲ. ನೋಡನೋಡುತ್ತ ವ್ಯಾಟಲ್ ಆಳೆತ್ತರ ದಾಟಿತು. ಅದರ ನೆರಳಿಗೆ ಹಳದಿ ಪೊದೆ ಸೊರಗಿತು. ಆ ನೆರಳಲ್ಲಿ ಪಾರಿವಾಳಗಳು ಬಂದು ಕೂತು ಹಿಕ್ಕೆ ಹಾಕಿದವು, ಹಿಕ್ಕೆಯಿಂದ ಕಣಿವೆಯ ದಟ್ಟ ಶೋಲಾ ಕಾಡಿನ ಸಸಿಗಳು ಎದ್ದವು. ಒಂದು ಬಂದು ಇನ್ನೊಂದಕ್ಕೆ ಜಾಗ ಮಾಡಿಕೊಟ್ಟು ತಾನು ಹೋಗುವುದು, ಅದು ಬಂದು ಮತ್ತೊಂದಕ್ಕೆ. ಇದನ್ನೆಲ್ಲ ನಾನು ಜಗಲಿಯಲ್ಲಿ ಕಸೂತಿ ಹಾಕುತ್ತ ನೋಡಿದೆ. ಕಾಡನ್ನು ನಾನು ಬೈಯುವುದಿಲ್ಲ. ಬಿಟ್ಟ ಜಾಗಕ್ಕೆ ಅದು ಬಂದಿದೆ, ಬರುವುದೇ ಅದರ ಕೆಲಸ. ನನಗೆ ಹೊಟ್ಟೆ ಉರಿಯುವುದು ಕಾಡಿನ ಮುಂದೆ ನಿಂತು ಹುಲ್ಲಿನ ಭಾಷಣ ಮಾಡುವವರನ್ನು ಕಂಡಾಗ.

ಹೇಳಲಿಲ್ಲವೇ ಅಂತ ನೀವು ಕೇಳಬಹುದು. ಹೇಳಿದೆ. ಪ್ರತಿ ಸಲವೂ ಒಂದೇ ಉತ್ತರ ಬಂತು. "ಹುಲ್ಲು ಒಳಗಿದೆ ಕಣೇ. ಮರ ಅದಕ್ಕೆ ಕಾವಲು ನಿಂತಿದೆ." ಒಳಗೆ ಹೋಗಿ ನೋಡಿ ಬನ್ನಿ ಅಂದರೆ, ಪವಿತ್ರ ಜಾಗಕ್ಕೆ ಸುಮ್ಮಸುಮ್ಮನೆ ಕಾಲಿಡಬಾರದು ಅನ್ನುತ್ತಿದ್ದರು. ಆ ವರ್ಷಗಳಲ್ಲಿ ಹಟ್ಟಿಯಲ್ಲಿ ಬಿಲ್ಲು ಕೊಡುವ ವಯಸ್ಸಿನ ಗಂಡಸರೇ ಇರಲಿಲ್ಲ, ಹಾಗಾಗಿ ಹುಲ್ಲು ಬೇಕು ಅಂತ ಕೇಳಿದವರೂ ಇಲ್ಲ. ಎಮ್ಮೆಗಳಿಗೆ ಮೇವು ಸಾಲದೆ ಒಂದೊಂದಾಗಿ ಮಾರಿದ್ದಾಯಿತು. ತುಪ್ಪವನ್ನು ಅಂಗಡಿಯಿಂದ ತರುವ ತೋಡರು ನಾವು. ಥೂ.

ಅಷ್ಟರಲ್ಲಿ ಪಿಲ್ಜೆನ್ ದೊಡ್ಡವನಾಗಿ ಸಿನ್ಮಲ್ಲಿಯನ್ನು ಮದುವೆಯಾದ. ಅವಳ ಅಪ್ಪ ಕರ್ನೊಜ್, ಮೇಲಿನ ಗುಡ್ಡದ ಹಟ್ಟಿಯವನು, ಇನ್ನೂ ಎಮ್ಮೆ ಸಾಕಿಕೊಂಡಿದ್ದಾನೆ. ದಂಡ ಕಟ್ಟಿ ಕಟ್ಟಿ ಸಾಕಾದರೂ ಅರಣ್ಯದವರ ಕಣ್ಣು ತಪ್ಪಿಸಿ ಪ್ರತಿ ವರ್ಷ ಗುಡ್ಡಕ್ಕೆ ಬೆಂಕಿ ಇಡುತ್ತಾನೆ. ಮದುವೆಯ ಮಾತುಕತೆಯ ದಿನ ಯಜಮಾನರು ಆ ಗುಡ್ಡ ನೋಡಿ, ನಿಮ್ಮ ಗುಡ್ಡ ಬೋಳಿಸಿದ ತಲೆ ಇದ್ದಂಗಿದೆ ಬೀಗರೇ, ಸ್ವಲ್ಪ ಭಕ್ತಿ ಬೇಡವೇ, ಅಂದಿದ್ದರು. ಕರ್ನೊಜ್ ಪಕ್ಕಕ್ಕೆ ತಿರುಗಿ ಉಗಿದ. ಅವನು ದೊಡ್ಡ ಜ್ಞಾನಿ ಅಂತ ತಿಳಿಯಬೇಡಿ. ಸೋಮಾರಿ. ಕುಡುಕ. ಮೈಯೆಲ್ಲ ಎಮ್ಮೆಯ ವಾಸನೆ. ಬೆಂಕಿ ಇಡುವುದು ಯಾಕೆ ಅಂದರೆ ಅವನ ಅಪ್ಪ ಇಡುತ್ತಿದ್ದ, ಬೇರೆ ಕಾರಣ ಅವನಿಗೇ ಗೊತ್ತಿಲ್ಲ.

ಸಿನ್ಮಲ್ಲಿ ಬಸುರಿಯಾದಳು. ಏಳನೇ ತಿಂಗಳ ಅಮಾವಾಸ್ಯೆಗೆ ಅವಳಿಗೆ ಜ್ವರ. ಎಂಟನೆಯದು ಮಳೆಗೆ ಕೊಚ್ಚಿಹೋಯಿತು, ದೀಪ ನಿಲ್ಲುವಂತೆಯೇ ಇರಲಿಲ್ಲ. ಉಳಿದದ್ದು ಒಂದೇ ಅಮಾವಾಸ್ಯೆ. ಅದು ತಪ್ಪಿದರೆ ನನ್ನ ಮೊಮ್ಮಗು ಅಪ್ಪನಿಲ್ಲದೆ ಭೂಮಿಗೆ ಬೀಳುತ್ತದೆ. ಆ ಯೋಚನೆಗೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಯಜಮಾನರು ಮಾತ್ರ ಗೊರಕೆ ಹೊಡೆಯುತ್ತಿದ್ದರು, ಬೀಗದ ಕೈ ಸೊಂಟದಲ್ಲೇ ಇತ್ತಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಗೇಟು ತೆರೆಯುವ ಸಂಭ್ರಮ. ಹೊದಿಕೆ ಹೊದ್ದರು, ಮಗನನ್ನು ಹಿಂದೆ ಕರೆದುಕೊಂಡರು. ಬೀಗ ತುಕ್ಕು ಹಿಡಿದು ತೆರೆಯಲಿಲ್ಲ. ಪಿಲ್ಜೆನ್ ಕಲ್ಲು ತಗೊಂಡು ಜಜ್ಜಿದ. ಗೇಟಿನ ಹೊರಗೆ ನಿಂತ ನಮಗೆ ಅವರು ಎರಡೇ ಹೆಜ್ಜೆಗೆ ಕಾಣದಾದರು, ಅಷ್ಟು ಕತ್ತಲು ಒಳಗೆ. ಕೊಂಬೆ ಮುರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಹೊರಗೆ ಬಂದಾಗ ಯಜಮಾನರ ಹೊದಿಕೆಯ ತುಂಬ ಮುಳ್ಳು, ಕಾಲಿನಲ್ಲಿ ಜಿಗಣೆ. ಪಿಲ್ಜೆನ್ ಕೈಯಲ್ಲಿ ಬಿಲ್ಲಿಗೆ ಬೇಕಾದ ಕಡ್ಡಿಯಿತ್ತು, ಅದು ಬೇಲಿಯ ಅಂಚಿನಲ್ಲಿ ಬೆಳಕು ಬೀಳುವ ಕಡೆ ಹೇಗೋ ಉಳಿದಿತ್ತು. ಹುಲ್ಲು ಒಂದು ಎಸಳೂ ಇಲ್ಲ. ಒಳಗೆಲ್ಲ ಪಾಚಿ, ತರಗೆಲೆ, ಮರ.

ನಾನು ನಕ್ಕುಬಿಟ್ಟೆ. ಅಳು ಬರಬೇಕಾದಲ್ಲಿ ನಗು ಬಂತು. "ಕಾವಲು ಚೆನ್ನಾಗಿ ಕಾದಿದೀರ ಬಿಡಿ," ಅಂದೆ. "ಕಳ್ಳನಿಗೂ ಸಿಗದಂಗೆ ಕಾದಿದೀರ."

ಆದರೂ ಯಜಮಾನರು ಸೋಲುವವರಲ್ಲ. ಹುಲ್ಲು ಯಾವುದಾದರೇನು, ದೇವರು ಮನಸ್ಸು ನೋಡುತ್ತಾನೆ ಅಂದರು. ಊಟಿಯ ಒಂದು ಹೋಟೆಲಿನ ಅಂಗಳದಲ್ಲಿ ಚೆಂದದ ಹುಲ್ಲು ಬೆಳೆಸಿದ್ದಾರೆ, ಮಗ ಹೋಗಿ ಕೇಳಿ ತರಲಿ ಅಂದರು. ಹೋಟೆಲಿನ ಹುಲ್ಲಿನ ಬಾಣ! ಅದನ್ನು ಹಿಡಿದು ನನ್ನ ಸೊಸೆ ಹಣೆಗೆ ಮುಟ್ಟಿಸಿಕೊಳ್ಳಬೇಕಂತೆ. ನೆಂಟರೆಲ್ಲ ಕೂತಿರುವಾಗ ಕರ್ನೊಜ್ ಆ ಎಸಳು ನೋಡಿ ಏನು ಮಾಡುತ್ತಾನೆ ಅಂತ ಯೋಚಿಸಿದಿರಾ ಅಂತ ಕೇಳಿದೆ. ಮಗಳನ್ನು ಕೈ ಹಿಡಿದು ಕರೆದುಕೊಂಡು ಹೋಗುತ್ತಾನೆ, ಬೇರೆ ಯಾವನೋ ಬಿಲ್ಲು ಕೊಡುತ್ತಾನೆ, ಮಗು ಆ ಯಾವನದೋ ಆಗುತ್ತದೆ. ನಮ್ಮ ಕಾಯಿದೆ ಹಾಗೇ ಇದೆ. ಪಿಲ್ಜೆನ್ ಬಿಳಿಚಿಕೊಂಡ.

ಸಿನ್ಮಲ್ಲಿ ಅಲ್ಲಿಯವರೆಗೆ ಗೋಡೆಗೊರಗಿ ಕೂತಿದ್ದಳು. ಅಪ್ಪನ ಗುಡ್ಡದಲ್ಲಿ ಆ ಹುಲ್ಲು ಬೇಕಾದಷ್ಟಿದೆ, ಎಮ್ಮೆ ಮಲಗುವ ಕಡೆಯೇ ಇದೆ ಅಂದಳು. ಯಜಮಾನರು ಮೂಗು ಮುರಿದರು. ಸಗಣಿಯ ನಡುವಿನ ಹುಲ್ಲು ತಂದು ನಮ್ಮ ಕುಲದ ಬಿಲ್ಲಿಗಿಡುವುದೇ, ಆ ಮನುಷ್ಯನ ಮುಂದೆ ಹೋಗಿ ನಾನು ಕೈಚಾಚುವುದೇ, ಅಂತ ಶುರು ಮಾಡಿದರು.

ಅವಳು ದನಿ ಎತ್ತಲಿಲ್ಲ. "ಮಾವ, ನನ್ನ ಮಗುಗೆ ಅಪ್ಪ ಬೇಕು. ನಿಮಗೆ ಮಾನ ಬೇಕು. ನಾಳೆ ಸಂಜೆ ಒಳಗೆ ಯಾವುದು ಅಂತ ಹೇಳಿಬಿಡಿ. ನಾನು ಹಂಗೇ ಮನಸ್ಸು ಗಟ್ಟಿ ಮಾಡ್ಕೋತೀನಿ."

ಮರುದಿನ ಬೆಳಿಗ್ಗೆ ಯಜಮಾನರು ನಡೆದರು. ಹಿಂದೆ ನಾನೂ ಹೋದೆ. ಅಂಥದ್ದನ್ನು ಕಣ್ಣಾರೆ ನೋಡುವ ಭಾಗ್ಯ ದಿನವೂ ಸಿಗುವುದಿಲ್ಲ.

ಕರ್ನೊಜ್ ಗುಡ್ಡದ ಮೇಲೆ ಬಿಸಿಲು ಕಾಯಿಸುತ್ತ ಬಿದ್ದಿದ್ದ. ಎದ್ದೇಳಲೂ ಇಲ್ಲ. ಯಜಮಾನರು ಮಳೆ ಚಳಿಯ ಮಾತಾಡಿದರು, ಎಮ್ಮೆಗಳ ಯೋಗಕ್ಷೇಮ ಕೇಳಿದರು, ಕೊನೆಗೆ ಗಂಟಲು ಸರಿಮಾಡಿಕೊಂಡು ವಿಷಯಕ್ಕೆ ಬಂದರು. ಕರ್ನೊಜ್ ಪೂರ್ತಿ ಕೇಳಿಸಿಕೊಂಡು, ಕಿವಿ ಸರಿಯಿಲ್ಲ, ಇನ್ನೊಂದು ಸಲ ಹೇಳಿ ಅಂದ. ಇವರು ಹೇಳಿದರು. ಮತ್ತೊಂದು ಸಲ ಹೇಳಿಸಿದ. ಅವನ ಕಿವಿಗೆ ಏನೂ ಆಗಿರಲಿಲ್ಲ.

"ತಗೊಳ್ಳಿ ಬೀಗರೇ," ಅಂದ ಆಮೇಲೆ. "ಬೋಳು ತಲೇಲಿ ನಾಲ್ಕು ಕೂದಲು ಉಳಿದಿರಬೇಕು. ಸಗಣಿ ನೋಡ್ಕೊಂಡು ಕಾಲಿಡಿ."

ಹುಲ್ಲು ಅಲ್ಲೇ ಇತ್ತು. ಸುಟ್ಟು ಕರಿಯಾದ ಬುಡಗಳಿಂದ ಎಸಳೆಸಳಾಗಿ ಎದ್ದು ಗಾಳಿಗೆ ತೂಗುತ್ತಿತ್ತು. ನನ್ನ ಬಿಲ್ಲಿನ ದಿನ ಕಂಡದ್ದು ಅದೇ ಹಸಿರು. ಕೂತು ಮುಟ್ಟಿದೆ. ಅಷ್ಟು ವರ್ಷಗಳ ಮೇಲೆ ಕೈಗೆ ಸಿಕ್ಕಿದ್ದಕ್ಕೆ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು. ಯಜಮಾನರು ಬಗ್ಗಿ ಒಂದು ಎಸಳು ಕಿತ್ತು ಹೊದಿಕೆಯಲ್ಲಿ ಸುತ್ತಿಕೊಂಡರು. ಒಂದು ಎಸಳು ಹುಲ್ಲಿಗೆ ಇಷ್ಟೆಲ್ಲ ಯಾಕೆ, ಅಂತ ಕರ್ನೊಜ್ ಬೆರಗಾಗಿ ನೋಡುತ್ತಿದ್ದ.

ಸಂಜೆ ಮರದ ಗೂಡಿನಲ್ಲಿ ದೀಪ ಹಚ್ಚಿದರು. ಸಿನ್ಮಲ್ಲಿ ಅದರೆದುರು ಕೂತಳು. ಕರ್ನೊಜ್ ಸ್ನಾನ ಮಾಡಿ ಬಂದಿದ್ದ, ಅದೇ ಒಂದು ಹಬ್ಬ. ಪಿಲ್ಜೆನ್ ಕಡ್ಡಿ ಬಗ್ಗಿಸಿ, ಎಸಳಿಟ್ಟು, ಬಿಲ್ಲು ಅವಳ ಕೈಗೆ ಕೊಟ್ಟ. ಇದು ಯಾವ ಕುಲದ ಬಿಲ್ಲು ಅಂತ ಕರ್ನೊಜ್ ಕೇಳಿದ. ಪಿಲ್ಜೆನ್ ನಮ್ಮ ಕುಲದ ಹೆಸರು ಹೇಳಿದ. ಸಿನ್ಮಲ್ಲಿ ಬಿಲ್ಲನ್ನು ಹಣೆಗೆ ಮುಟ್ಟಿಸಿಕೊಂಡು ದೀಪ ನೋಡುತ್ತ ಕೂತಳು. ಅದು ಆರುವವರೆಗೆ ಅವಳು ಕಣ್ಣು ಕದಲಿಸುವಂತಿಲ್ಲ. ನನ್ನ ಮೊಮ್ಮಗುವಿಗೆ ಅಪ್ಪ ಸಿಕ್ಕಿದ. ನನಗೆ ಅಷ್ಟೇ ಬೇಕಿತ್ತು, ಅಲ್ಲಿಗೆ ಎದ್ದು ಹೋಗಿದ್ದರೆ ಚೆನ್ನಾಗಿತ್ತು.

ಬೆಲ್ಲದನ್ನ ಬಡಿಸುವ ಹೊತ್ತಿಗೆ ಯಜಮಾನರು ಎದ್ದು ನಿಂತರು. ನೆಂಟರೆಲ್ಲ ತಿರುಗಿದರು. ಕರ್ನೊಜನ ಗುಡ್ಡದಲ್ಲಿ ಎಂಥ ಪವಿತ್ರ ಸಂಪತ್ತು ಇದೆ ಅಂತ ಇವತ್ತು ತಮ್ಮ ಕಣ್ಣು ತೆರೆಯಿತು ಅಂದರು. ಇದನ್ನು ಎಮ್ಮೆ ತುಳಿಯಲು ಬಿಟ್ಟಿದ್ದು ನಮ್ಮೆಲ್ಲರ ಪಾಪ ಅಂದರು.

"ಆ ಗುಡ್ಡಕ್ಕೆ ನಾನೇ ನಿಂತು ಬೇಲಿ ಹಾಕಿಸ್ತೀನಿ. ಇನ್ನು ಮೇಲೆ ಒಂದು ಎಮ್ಮೆ ಒಳಗೆ ಹೋಗಬಾರದು. ಬೆಂಕಿ ಇಡಬಾರದು."

ಕರ್ನೊಜ್ ಉಗಿಯುತ್ತಾನೆ, ಎರಡು ಬೈಗುಳ ಬೈಯುತ್ತಾನೆ ಅಂತ ನಾನು ಅವನ ಮುಖ ನೋಡಿದೆ. ಅವನು ಎದೆ ಸೆಟೆಸಿ ಕೂತಿದ್ದ. ಅವನ ಗುಡ್ಡವನ್ನು ಜನರೆದುರು ಯಾರಾದರೂ ಹೊಗಳಿದ್ದು ಅದೇ ಮೊದಲಿರಬೇಕು. "ಬೀಗದ ಕೈ ಯಾರತ್ರ ಇರುತ್ತೆ?" ಅಂತ ಕೇಳಿದ. ನಿಮ್ಮ ಹತ್ತಿರವೇ ಅಂದರು ಯಜಮಾನರು. ಅವನು ತಲೆಯಾಡಿಸಿದ. ಮಂಡಿ ನೋವು, ಎಮ್ಮೆಗಳನ್ನು ಮಾರಿಬಿಡಬೇಕು ಅಂತ ತಾನೂ ಯೋಚಿಸುತ್ತಿದ್ದೆ ಅಂದ. ನೆಂಟರೆಲ್ಲ ಹೌದು ಹೌದು ಅಂದರು. ಇಷ್ಟು ಜನ ದಡ್ಡರು ಒಂದೇ ಮರದ ಕೆಳಗೆ ಕೂತು ಬೆಲ್ಲದನ್ನ ಉಣ್ಣುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಿನ್ಮಲ್ಲಿಗೆ ಎಲ್ಲವೂ ಕೇಳಿಸುತ್ತಿತ್ತು. ದೀಪ ಇನ್ನೂ ಉರಿಯುತ್ತಿತ್ತು, ಅವಳು ತಿರುಗುವಂತಿರಲಿಲ್ಲ. ಬಿಲ್ಲು ಹಿಡಿದ ಕೈ ಮಾತ್ರ ಹೊಟ್ಟೆಯ ಮೇಲೆ ಬಿಗಿಯಾಯಿತು.

ಗಂಡು ಮಗು ಹುಟ್ಟಿತು. ಪಿಲ್ಜೆನ್ ತೊಡೆಯ ಮೇಲೆ ಮಲಗಿ, ನನಗೂ ಅಪ್ಪ ಇದ್ದಾನೆ ಅನ್ನುವ ಹಾಗೆ ಕಿರುಚುತ್ತದೆ. ಮುಂದೆ ಅವನೂ ಯಾರಿಗೋ ಬಿಲ್ಲು ಕೊಡಬೇಕು. ಯಾವ ಹುಲ್ಲು ಹಿಡಿದು ಕೊಡುತ್ತಾನೋ, ನಾನಂತೂ ನೋಡಲು ಇರುವುದಿಲ್ಲ.

ನಿನ್ನೆ ಹೊಸ ಬೇಲಿಗೆ ಕಂಬ ಕಡಿದರು. ಕಂಬಕ್ಕೆ ದುಡ್ಡು ಯಾಕೆ, ನಮ್ಮ ಪವಿತ್ರ ಇಳಿಜಾರಿನ ಮರವೇ ಇದೆಯಲ್ಲ ಅಂತ ಯಜಮಾನರು ವ್ಯಾಟಲ್ ಕಡಿಸಿ, ಕೊಂಬೆ ಸಮೇತ ಕರ್ನೊಜನ ಗುಡ್ಡಕ್ಕೆ ಎಳೆಸಿದರು. ಕೊಂಬೆಗಳ ತುಂಬ ಒಣಗಿದ ಕಾಯಿ. ಮರ ಎಳೆದ ದಾರಿಯುದ್ದಕ್ಕೂ ಅವು ಬಿರಿದು, ಸಾಸಿವೆಗಿಂತ ಚೂರು ದಪ್ಪ ಕರಿ ಬೀಜ ಹುಲ್ಲಿನೊಳಗೆ ಉದುರುತ್ತ ಹೋಯಿತು. ಕಾಯಿಯನ್ನಾದರೂ ಬಿಡಿಸಿ ಎಳೆಯಿರಿ ಅಂತ ಕೂಗಿದೆ.

"ಬೀಜ ತಾನೇ, ಬಿಡೇ," ಅಂದರು ಯಜಮಾನರು. "ಬೇಲಿ ಹಾಕಿದ ಮೇಲೆ ಯಾವುದೂ ಒಳಗೆ ಬರಲ್ಲ."